ಕಂಡದ್ದು, ಕೇಳಿದ್ದು, ಅನ್ನಿಸಿದ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲವೂ ಇಂದ್ರಿಯಾನುಭವಕ್ಕೆ ಸಂಬಂಧಿಸಿದವು. ಒಂದೇ ವಿಷಯದ ಮೇಲೆ ಬಂದ ಪತ್ರಗಳನ್ನು ಸೇರಿಸಿ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಾನು ಮನೋವಿಜ್ಞಾನ ಓದುತ್ತಿರುವ ಪದವಿ ವಿದ್ಯಾರ್ಥಿನಿ. ನಮ್ಮ ಪಠ್ಯದಲ್ಲಿ ಸಂವೇದನೆಗೆ ಒಂದು ಅಧ್ಯಾಯ, ಗ್ರಹಿಕೆಗೆ ಇನ್ನೊಂದು ಅಧ್ಯಾಯ. ಆದರೆ ಎಷ್ಟು ಗಮನವಿಟ್ಟು ನೋಡಿದರೂ ಇವೆರಡೂ ನನ್ನ ಅನುಭವಕ್ಕೆ ಬೇರೆಬೇರೆಯಾಗಿ ಬರುವುದಿಲ್ಲ. ಈ ವಿಭಜನೆ ನಿಜವೇ, ಅಥವಾ ಪಾಠದ ಅನುಕೂಲಕ್ಕೆ ಮಾಡಿಕೊಂಡದ್ದೇ?

ಉತ್ತರ: ಅನುಭವದಲ್ಲಿ ಎರಡೂ ಬೇರೆಯಾಗಿ ಸಿಗುವುದಿಲ್ಲವೆಂಬ ನಿಮ್ಮ ಮಾತು ಸರಿ, ಹಾಗೆಂದು ವಿಭಜನೆ ಸುಳ್ಳಾಗುವುದಿಲ್ಲ. ಬೆಳಕು, ಶಬ್ದ, ಒತ್ತಡ ಮೊದಲಾದವು ಗ್ರಾಹಕ ಕೋಶಗಳನ್ನು ತಾಗಿ ನರಸಂಕೇತಗಳಾಗಿ ಮಾರ್ಪಡುವವರೆಗಿನ ಕೆಲಸವನ್ನು ಸಂವೇದನೆಯೆಂದೂ, ಆ ಸಂಕೇತಗಳಿಂದ ‘ಇದು ಬಾಗಿಲು, ಅರ್ಧ ತೆರೆದಿದೆ’ ಎಂಬ ಅರ್ಥ ಮೂಡುವ ಕೆಲಸವನ್ನು ಗ್ರಹಿಕೆಯೆಂದೂ ಕರೆಯುತ್ತಾರೆ. ನಮಗೆ ಅರಿವಾಗುವುದು ಎರಡನೆಯದರ ಫಲ ಮಾತ್ರ. ಮೊದಲನೆಯದು ನಡೆದುಹೋದದ್ದು ನಮಗೆ ಗೊತ್ತೇ ಆಗುವುದಿಲ್ಲ.

ಇವೆರಡರ ನಡುವಿನ ಅಂತರವನ್ನು ಒಂದು ಬಿಳಿ ಹಾಳೆಯಿಂದಲೇ ಪರೀಕ್ಷಿಸಬಹುದು. ಹಾಳೆಯ ಎಡಭಾಗದಲ್ಲಿ ಒಂದು ಗುಣಾಕಾರದ ಚಿಹ್ನೆಯನ್ನೂ ಅದರ ಬಲಕ್ಕೆ ಸುಮಾರು 8 ಸೆಂಟಿಮೀಟರ್ ದೂರದಲ್ಲಿ ಒಂದು ಕಪ್ಪು ಚುಕ್ಕೆಯನ್ನೂ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುಣಾಕಾರದ ಚಿಹ್ನೆಯನ್ನೇ ನೋಡುತ್ತ ಹಾಳೆಯನ್ನು ನಿಧಾನವಾಗಿ ಹಿಂದೆ ಮುಂದೆ ಸರಿಸಿದರೆ, ಮುಖದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಕಾಣೆಯಾಗುತ್ತದೆ. ಆಗ ಚುಕ್ಕೆಯ ಬಿಂಬ ದೃಷ್ಟಿನರವು ಕಣ್ಣಿನಿಂದ ಹೊರಬೀಳುವ ಜಾಗದ ಮೇಲೆ ಬೀಳುತ್ತದೆ, ಆ ಜಾಗದಲ್ಲಿ ಬೆಳಕಿನ ಗ್ರಾಹಕಗಳೇ ಇಲ್ಲ. ಫ್ರಾನ್ಸಿನ ಎಡ್ಮೆ ಮಾರಿಯಟ್ 1660ರ ದಶಕದಲ್ಲಿ ಗುರುತಿಸಿದ ಈ ಕುರುಡು ಚುಕ್ಕೆ ಪ್ರತಿಯೊಬ್ಬರ ಎರಡೂ ಕಣ್ಣುಗಳಲ್ಲಿದೆ. ಆದರೆ ಚುಕ್ಕೆ ಮಾಯವಾದ ಕಡೆ ನಿಮಗೆ ತೂತಾಗಲಿ ಕತ್ತಲೆಯಾಗಲಿ ಕಾಣುವುದಿಲ್ಲ; ಹಾಳೆಯ ಬಿಳುಪು ಕಾಣುತ್ತದೆ. ಅಲ್ಲಿಂದ ಯಾವ ಸಂವೇದನೆಯೂ ಬಾರದಿದ್ದರೂ ಗ್ರಹಿಕೆ ತುಂಬಿಕೊಂಡಿದೆ.

ಇದರ ವಿರುದ್ಧ ದಿಕ್ಕಿನ ಸಾಕ್ಷ್ಯ ನರವೈದ್ಯರ ಬಳಿಯಿದೆ. ಮಿದುಳಿನ ಕೆಲವು ಭಾಗಗಳಿಗೆ ಪೆಟ್ಟಾದ ರೋಗಿಗಳು ಎದುರಿಗಿಟ್ಟ ಚಿತ್ರವನ್ನು ರೇಖೆ ರೇಖೆಯಾಗಿ ನಕಲು ಮಾಡಬಲ್ಲರು, ಆದರೆ ಅದು ಯಾವುದರ ಚಿತ್ರವೆಂದು ಹೇಳಲಾರರು. ಅದೇ ವಸ್ತುವನ್ನು ಕೈಗೆ ಕೊಟ್ಟರೆ ತಡವರಿಸದೆ ಹೆಸರಿಸುತ್ತಾರೆ. ಅವರ ಕಣ್ಣು ಕೆಟ್ಟಿಲ್ಲ, ನೆನಪೂ ಕೆಟ್ಟಿಲ್ಲ. ಕಂಡದ್ದು ಅರ್ಥವಾಗುವ ಹಂತ ಮಾತ್ರ ಕೆಟ್ಟಿದೆ. ಆದ್ದರಿಂದ ವಿಭಜನೆ ನಿಜ. ಪಠ್ಯಪುಸ್ತಕಗಳ ಮೇಲೆ ನನಗಿರುವ ಆಕ್ಷೇಪ ಬೇರೆ: ಅವು ಎರಡರ ನಡುವೆ ತೀರ ನೇರವಾದ ಗೆರೆ ಎಳೆಯುತ್ತವೆ. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ ಮಬ್ಬು ಬೆಳಕಿಗೆ ಮಿಡಿಯುವ ಸುಮಾರು 12 ಕೋಟಿ ದಂಡಕೋಶಗಳೂ ಹಗಲಿನ ಬೆಳಕಿಗೂ ಬಣ್ಣಕ್ಕೂ ಮಿಡಿಯುವ 60 ಲಕ್ಷ ಶಂಕುಕೋಶಗಳೂ ಇದ್ದರೂ ಅಲ್ಲಿಂದ ಮಿದುಳಿಗೆ ಹೋಗುವ ನರತಂತುಗಳು 10 ಲಕ್ಷದ ಆಸುಪಾಸಿನಲ್ಲಿವೆ. ಯಾವುದನ್ನು ಕಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಕಣ್ಣಿನೊಳಗೇ ಆರಂಭವಾಗುತ್ತದೆ.

ಪ್ರಶ್ನೆ: ಬರಿಗೈಯಲ್ಲಿ ಹಿಡಿದಾಗ ಸ್ಪಷ್ಟವಾಗಿ ಭಾರವೆನಿಸುವ ಸಣ್ಣ ಪುಸ್ತಕವೊಂದನ್ನು ತುಂಬಿದ ಚೀಲಕ್ಕೆ ಹಾಕಿದರೆ ಚೀಲದ ಭಾರ ಹೆಚ್ಚಿದಂತೆ ಅನಿಸುವುದೇ ಇಲ್ಲ. ಕೋಣೆಯಲ್ಲಿ ದೀಪಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದರೂ ಬೆಳಕು ಇಮ್ಮಡಿಯಾದಂತೆ ಕಾಣುವುದಿಲ್ಲ. ನಮ್ಮ ಇಂದ್ರಿಯಗಳ ಅಳತೆ ಇಷ್ಟು ಒರಟೇ?

ಉತ್ತರ: ಒರಟಲ್ಲ, ಅವು ಅಳೆಯುವುದು ಬೇರೊಂದನ್ನು. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿದ್ದ ಅರ್ನ್ಸ್ಟ್ ಹೈನ್‌ರಿಚ್ ವೆಬರ್ 1834ರಲ್ಲಿ ಪ್ರಕಟಿಸಿದ ಪ್ರಯೋಗಗಳ ತಿರುಳು ನಿಮ್ಮ ಚೀಲದಲ್ಲೇ ಇದೆ. ಎರಡು ತೂಕಗಳ ನಡುವಿನ ವ್ಯತ್ಯಾಸ ಕೈಗೆ ತಿಳಿಯಬೇಕಾದರೆ ಅದು ಇಂತಿಷ್ಟು ಗ್ರಾಂ ಇದ್ದರೆ ಸಾಲದು. ಮೊದಲಿನ ತೂಕದ ಇಂತಿಷ್ಟು ಪಾಲು ಇರಬೇಕು. ಎತ್ತಿ ಹಿಡಿದ ತೂಕಗಳಿಗೆ ಆ ಪಾಲು ಸುಮಾರು ನೂರಕ್ಕೆ ಎರಡರಿಂದ ಮೂರು. ಅಂದರೆ ಒಂದು ಕಿಲೋ ತೂಕಕ್ಕೆ 25 ಗ್ರಾಂ ಸೇರಿದರೆ ತಿಳಿದೀತು. ಹತ್ತು ಕಿಲೋಗೆ ಅದೇ ಅರಿವು ಬರಲು ಸುಮಾರು 250 ಗ್ರಾಂ ಬೇಕು. ತೀರ ಹಗುರ ಅಥವಾ ತೀರ ಭಾರವಾದ ತೂಕಗಳಲ್ಲಿ ಈ ನಿಯಮ ಸಡಿಲವಾಗುತ್ತದೆ, ಆದರೆ ಮಧ್ಯದ ವ್ಯಾಪ್ತಿಯಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಇದೇ ಲೈಪ್‌ಜಿಗ್‌ನಲ್ಲಿ ಭೌತವಿಜ್ಞಾನಿಯಾಗಿದ್ದ ಗುಸ್ತಾವ್ ಫೆಕ್ನರ್, 1850ರ ಅಕ್ಟೋಬರ್ 22ರ ಬೆಳಿಗ್ಗೆ ಹಾಸಿಗೆಯಲ್ಲಿರುವಾಗಲೇ ತಮಗೆ ಹೊಳೆಯಿತೆಂದು ಹೇಳಿಕೊಂಡ ವಿಚಾರವನ್ನು ಬೆಳೆಸಿ, 1860ರಲ್ಲಿ ಮನೋಭೌತವಿಜ್ಞಾನದ ಗ್ರಂಥವನ್ನು ಹೊರತಂದರು. ಹೊರಗಿನ ಪ್ರಚೋದನೆ ಗುಣಿಸುತ್ತ ಹೋದಾಗ ಒಳಗಿನ ಅನುಭವ ಕೂಡುತ್ತ ಮಾತ್ರ ಹೋಗುತ್ತದೆಂಬುದು ಅವರ ಸೂತ್ರ. (ಈ ಮನುಷ್ಯ ಅದಕ್ಕೂ ಮುಂಚೆ ಸೂರ್ಯನನ್ನು ದಿಟ್ಟಿಸಿ ಪ್ರಯೋಗ ಮಾಡಿ ಕಣ್ಣು ಕೆಡಿಸಿಕೊಂಡು ವರ್ಷಗಟ್ಟಲೆ ಕತ್ತಲಕೋಣೆಯಲ್ಲಿ ಕಳೆದವರು, ಓದುಗರು ಆ ಪ್ರಯೋಗವನ್ನು ಅನುಕರಿಸಬಾರದು.) ಸುಮಾರು ನೂರು ವರ್ಷಗಳ ನಂತರ, 1957ರಲ್ಲಿ, ಹಾರ್ವರ್ಡ್‌ನ ಎಸ್. ಎಸ್. ಸ್ಟೀವನ್ಸ್ ಈ ಸೂತ್ರವನ್ನು ತಿದ್ದಿ, ಒಂದೊಂದು ಇಂದ್ರಿಯಾನುಭವವೂ ಒಂದೊಂದು ದರದಲ್ಲಿ ಬೆಳೆಯುತ್ತದೆಂದು ತೋರಿಸಿದರು. ಕತ್ತಲಲ್ಲಿ ಕಾಣುವ ಬೆಳಕಿನ ಹೊಳಪು ಇಮ್ಮಡಿಯಾದಂತೆ ತೋರಬೇಕಾದರೆ ಅದರ ತೀವ್ರತೆ ಸುಮಾರು ಎಂಟು ಪಟ್ಟಾಗಬೇಕು. ಶಬ್ದದ ತೀವ್ರತೆಯಾದರೆ ಸುಮಾರು ಹತ್ತು ಪಟ್ಟು. ರೇಖೆಯ ಉದ್ದ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಕಾಣುತ್ತದೆ. ವಿದ್ಯುತ್ ಆಘಾತ ಇದಕ್ಕೆ ತಿರುಗುಮುರುಗು: ಪ್ರವಾಹ ಸ್ವಲ್ಪ ಹೆಚ್ಚಿದರೂ ನೋವು ಅದನ್ನು ಮೀರಿ ಏರುತ್ತದೆ. ದೇಹಕ್ಕೆ ಅಪಾಯ ತರುವ ಪ್ರಚೋದನೆಯ ಬಗ್ಗೆ ಹೀಗೆ ಉತ್ಪ್ರೇಕ್ಷಿಸುವುದು ವಿವೇಕವೇ ಸರಿ.

ಹೀಗೇಕೆ ಎಂಬುದಕ್ಕೆ ಒಂದು ಮುಖ್ಯ ಕಾರಣ ನರಕೋಶಗಳ ಮಿತಿ. ನಕ್ಷತ್ರಗಳ ಬೆಳಕಿಗೂ ನಡುಹಗಲಿನ ಬಿಸಿಲಿಗೂ ಸುಮಾರು ಹತ್ತು ಕೋಟಿ ಪಟ್ಟು ವ್ಯತ್ಯಾಸವಿದೆ. ನರಕೋಶವೊಂದು ಸೆಕೆಂಡಿಗೆ ಕೆಲವು ನೂರು ಸಲಕ್ಕಿಂತ ಹೆಚ್ಚು ಮಿಡಿಯುವುದು ಕಷ್ಟ. ಇಷ್ಟು ಕಿರಿದಾದ ದಾರಿಯಲ್ಲಿ ಅಷ್ಟು ದೊಡ್ಡ ವ್ಯಾಪ್ತಿಯನ್ನು ಹಾಯಿಸಬೇಕಾದರೆ, ಮೊತ್ತವನ್ನು ಬಿಟ್ಟು ಸುತ್ತಲಿನದಕ್ಕೂ ಹಿಂದಿನ ಕ್ಷಣಕ್ಕೂ ಹೋಲಿಸಿದ ವ್ಯತ್ಯಾಸವನ್ನಷ್ಟೇ ಕಳಿಸುವುದು ಸುಲಭದ ಉಪಾಯ. ಬೆಳಕಿನಿಂದ ಕತ್ತಲೆಗೆ ಹೋದಾಗ ಈ ಹೋಲಿಕೆಯ ನೆಲೆಯೇ ಬದಲಾಗಬೇಕಾಗುತ್ತದೆ. ಶಂಕುಕೋಶಗಳು ಹತ್ತು ನಿಮಿಷದೊಳಗೆ ಹೊಂದಿಕೊಂಡರೆ ದಂಡಕೋಶಗಳಿಗೆ ಅರ್ಧ ಗಂಟೆಯಷ್ಟು ಸಮಯ ಹಿಡಿಯುತ್ತದೆ. ಹಾಗೆ ಹೊಂದಿಕೊಂಡ ಕಣ್ಣು ಎಷ್ಟು ಸೂಕ್ಷ್ಮವೆಂಬುದನ್ನು ಹೆಕ್ಟ್, ಶ್ಲೇರ್ ಮತ್ತು ಪಿರೆನ್ 1942ರಲ್ಲಿ ಲೆಕ್ಕಹಾಕಿದರು: ಅಕ್ಷಿಪಟಲ ಹತ್ತರ ಆಸುಪಾಸಿನ ಸಂಖ್ಯೆಯ ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಹೀರಿಕೊಂಡರೆ ಸಾಕು, ಬೆಳಕು ಮಿನುಗಿತೆಂದು ಮನುಷ್ಯ ಹೇಳಬಲ್ಲ.

ಪ್ರಶ್ನೆ: ಹುಟ್ಟುವ ಹೊತ್ತಿನಲ್ಲಿ ಹುಣ್ಣಿಮೆಯ ಚಂದ್ರ ಅಷ್ಟು ದೊಡ್ಡದಾಗಿ ಕಾಣುವುದು ವಾತಾವರಣ ಮಸೂರದಂತೆ ಕೆಲಸ ಮಾಡುವುದರಿಂದ ಎಂದು ಓದಿದ್ದೇನೆ. ಇದು ನಿಜವೇ?

ಉತ್ತರ: ನಿಜವಲ್ಲ. ವಾತಾವರಣ ಚಂದ್ರನಿಗೆ ಕೆಂಪು ಬಣ್ಣ ಕೊಡುತ್ತದೆ, ಕ್ಷಿತಿಜದ ಬಳಿ ಮೇಲೆ ಕೆಳಗೆ ಸ್ವಲ್ಪ ಚಪ್ಪಟೆಯನ್ನೂ ಮಾಡುತ್ತದೆ, ಹಿಗ್ಗಿಸುವುದಿಲ್ಲ. ಚಂದ್ರ ಎಲ್ಲಿದ್ದರೂ ನಮ್ಮ ಕಣ್ಣಿನಲ್ಲಿ ಸುಮಾರು ಅರ್ಧ ಡಿಗ್ರಿಯಷ್ಟೇ ಜಾಗ ಹಿಡಿಯುತ್ತದೆ. ವಾಸ್ತವವಾಗಿ ಹುಟ್ಟುವಾಗ ಅದು ನೆತ್ತಿಯ ಮೇಲಿರುವಾಗಿಗಿಂತ ಭೂಮಿಯ ಒಂದು ತ್ರಿಜ್ಯದಷ್ಟು, ಅಂದರೆ ಸುಮಾರು 6,400 ಕಿಲೋಮೀಟರ್, ಹೆಚ್ಚು ದೂರದಲ್ಲಿರುವುದರಿಂದ ಕೂದಲೆಳೆಯಷ್ಟು ಚಿಕ್ಕದೇ. ಒಂದೇ ಮಸೂರದಿಂದ ತೆಗೆದ ಎರಡು ಛಾಯಾಚಿತ್ರಗಳನ್ನು ಅಳೆದರೆ ಅನುಮಾನ ಪರಿಹಾರವಾಗುತ್ತದೆ.

ಹೆಚ್ಚಿನ ಸಂಶೋಧಕರು ಒಪ್ಪುವ ವಿವರಣೆ ದೂರದ ಲೆಕ್ಕಾಚಾರಕ್ಕೆ ಸೇರಿದ್ದು. ಕಣ್ಣಿನ ಪಟಲದ ಮೇಲೆ ಒಂದೇ ಅಳತೆಯ ಎರಡು ಬಿಂಬಗಳು ಬಿದ್ದಾಗ, ದೂರದ್ದೆಂದು ತೋರುವ ವಸ್ತುವನ್ನು ಮಿದುಳು ದೊಡ್ಡದೆಂದು ತೀರ್ಮಾನಿಸುತ್ತದೆ. ನೆಲ, ಮರ, ಕಟ್ಟಡಗಳ ಸಾಲಿನಾಚೆ ಇರುವ ಕ್ಷಿತಿಜ ಬರಿದಾದ ನೆತ್ತಿಗಿಂತ ದೂರವೆನಿಸುತ್ತದೆ. ಲಾಯ್ಡ್ ಕಾಫ್‌ಮನ್ ಮತ್ತು ಅರ್ವಿನ್ ರಾಕ್ 1962ರಲ್ಲಿ ವರದಿ ಮಾಡಿದಂತೆ, ನಡುವಿನ ನೆಲವನ್ನು ಮರೆಮಾಡಿದರೆ ಹಿಗ್ಗಿದ ಚಂದ್ರ ಕುಗ್ಗುತ್ತಾನೆ. ಕಾಗದವನ್ನು ಕೊಳವೆಯಂತೆ ಸುತ್ತಿ ಅದರೊಳಗಿಂದ ನೋಡಿದರೆ ನಿಮಗೂ ಇದು ಸಿಗಬಹುದು. ಈ ವಿವರಣೆಗೆ ಒಂದು ಮುಳ್ಳು ಇನ್ನೂ ಚುಚ್ಚಿಕೊಂಡಿದೆ. ಕ್ಷಿತಿಜದ ಚಂದ್ರ ದೂರವೋ ಹತ್ತಿರವೋ ಎಂದು ಕೇಳಿದರೆ ಬಹಳ ಜನ ‘ಹತ್ತಿರ’ ಎನ್ನುತ್ತಾರೆ. ಮಿದುಳಿನ ಒಳಲೆಕ್ಕವೂ ನಾವು ಬಾಯಲ್ಲಿ ಕೊಡುವ ಉತ್ತರವೂ ಒಂದೇ ಆಗಬೇಕಿಲ್ಲ ಎಂದು ಪ್ರತಿಪಾದಕರು ಸಮಾಧಾನ ಹೇಳುತ್ತಾರಾದರೂ ಚರ್ಚೆ ಮುಗಿದಿದೆಯೆಂದು ನಾನು ಬರೆಯಲಾರೆ.

ಪ್ರಶ್ನೆ: ಜೇಬಿನಲ್ಲಿರುವ ಮೊಬೈಲ್ ಕಂಪಿಸಿತೆಂದು ತೆಗೆದು ನೋಡಿದರೆ ಯಾವ ಕರೆಯೂ ಬಂದಿರುವುದಿಲ್ಲ. ಮುಖ್ಯವಾದ ಕರೆಗೆ ಕಾಯುವ ದಿನ ಇದು ಇನ್ನೂ ಹೆಚ್ಚು. ಇದು ಯಾವುದಾದರೂ ಕಾಯಿಲೆಯ ಲಕ್ಷಣವೇ?

ಉತ್ತರ: ಕಾಯಿಲೆಯಲ್ಲ. ಕಾಯುವ ದಿನ ಹೆಚ್ಚೆಂದು ನೀವು ಗಮನಿಸಿರುವುದರಲ್ಲೇ ಉತ್ತರವಿದೆ. ಇಂತಿಷ್ಟು ಪ್ರಚೋದನೆಗಿಂತ ಕಡಿಮೆಯಾದರೆ ತಿಳಿಯದು, ಹೆಚ್ಚಾದರೆ ತಿಳಿಯುತ್ತದೆ ಎಂಬ ಸ್ಥಿರವಾದ ಹೊಸ್ತಿಲು ಮನುಷ್ಯನಲ್ಲಿಲ್ಲ. ರೇಡಾರ್ ಪರದೆಯ ಮೇಲೆ ಮಿನುಗಿದ್ದು ವಿಮಾನವೋ ಬರಿಯ ಗದ್ದಲವೋ ಎಂದು ನಿರ್ಧರಿಸುವ ಸಮಸ್ಯೆಯಿಂದ ಬೆಳೆದು 1950ರ ದಶಕದಲ್ಲಿ ಮನೋವಿಜ್ಞಾನಕ್ಕೆ ಬಂದ ಸಂಕೇತ ಪತ್ತೆ ಸಿದ್ಧಾಂತ ಇದನ್ನು ವಿವರಿಸುತ್ತದೆ. ದುರ್ಬಲವಾದ ಸಂಕೇತ ಯಾವಾಗಲೂ ಗದ್ದಲದೊಡನೆ ಬೆರೆತೇ ಬರುತ್ತದೆ; ಬಟ್ಟೆಯ ಉಜ್ಜುವಿಕೆ, ಸ್ನಾಯುವಿನ ಸಣ್ಣ ಅದುರು ಎಲ್ಲವೂ ಆ ಗದ್ದಲವೇ. ಎಷ್ಟು ಬಲವಾಗಿದ್ದರೆ ‘ಬಂತು’ ಎಂದು ಒಪ್ಪಬೇಕೆಂಬ ಮಟ್ಟವನ್ನು ಮಿದುಳು ಸಂದರ್ಭ ನೋಡಿ ಏರಿಳಿಸುತ್ತದೆ. ಕರೆ ತಪ್ಪಿದರೆ ದೊಡ್ಡ ನಷ್ಟ, ಸುಮ್ಮನೆ ಜೇಬು ತಡಕಿದರೆ ಸಣ್ಣ ತೊಂದರೆ ಎಂದಿರುವಾಗ ಮಟ್ಟ ಕೆಳಗಿಳಿಯುತ್ತದೆ, ಸುಳ್ಳು ಕರೆಗಳು ಹೆಚ್ಚುತ್ತವೆ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದು ಏರುವುದು ಅನಿವಾರ್ಯ. ಎರಡನ್ನೂ ಒಟ್ಟಿಗೆ ತಗ್ಗಿಸಬೇಕಾದರೆ ಸಂಕೇತವನ್ನೇ ಸ್ಪಷ್ಟಗೊಳಿಸಬೇಕು. ಕಂಪನದ ಬದಲು ಗಂಟೆಯ ದನಿ ಇಟ್ಟುಕೊಂಡು ನೋಡಿ.

ಪ್ರಶ್ನೆ: ಅಡ್ಡರಸ್ತೆಯಲ್ಲಿ ಎರಡೂ ಕಡೆ ನೋಡಿಯೇ ವಾಹನ ತಿರುಗಿಸಿದೆ, ಆದರೂ ಎದುರಿಗೆ ಬರುತ್ತಿದ್ದ ದ್ವಿಚಕ್ರ ವಾಹನ ಕಾಣಲಿಲ್ಲ. ಅದೃಷ್ಟವಶಾತ್ ಏನೂ ಆಗಲಿಲ್ಲ. ‘ನೋಡಿದೆ, ಕಾಣಲಿಲ್ಲ’ ಎಂದರೆ ಯಾರೂ ನಂಬುವುದಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ದೋಷವಿಲ್ಲ.

ಉತ್ತರ: ನಾನು ನಂಬುತ್ತೇನೆ. ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆಂಡನ್ನು ಪರಸ್ಪರ ಎಸೆಯುವ ಆಟಗಾರರ ವಿಡಿಯೊ ತೋರಿಸಿ ಎಸೆತಗಳನ್ನು ಎಣಿಸಲು ಹೇಳಲಾಗಿತ್ತು. ಆಟದ ನಡುವೆ ಗೊರಿಲ್ಲಾ ವೇಷದ ವ್ಯಕ್ತಿಯೊಬ್ಬರು ಪರದೆಯನ್ನು ದಾಟಿ ಹೋದರೂ ನೋಡುಗರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಕಾಣಲೇ ಇಲ್ಲ. ಗಮನ ಬೇರೆ ಕಡೆ ಕಟ್ಟಿಬಿದ್ದಾಗ, ಕಣ್ಣಿಗೆ ಬಿದ್ದದ್ದೆಲ್ಲ ಅರಿವಿಗೆ ಏರುವುದಿಲ್ಲ.

ರಸ್ತೆಯಲ್ಲಿ ಇದಕ್ಕೆ ಇನ್ನೊಂದು ಮಿತಿ ಸೇರಿಕೊಳ್ಳುತ್ತದೆ. ಕಣ್ಣು ಸೂಕ್ಷ್ಮವಾಗಿ ನೋಡಬಲ್ಲ ಭಾಗ, ತೋಳು ಚಾಚಿದಾಗ ಹೆಬ್ಬೆರಳಿನ ಉಗುರಿನಷ್ಟು ಅಗಲದ ಜಾಗವನ್ನು ಮಾತ್ರ ಒಳಗೊಳ್ಳುತ್ತದೆ. ಅದನ್ನು ಸೆಕೆಂಡಿಗೆ ಸುಮಾರು ಮೂರು ಸಲ ಒಂದೆಡೆಯಿಂದ ಇನ್ನೊಂದೆಡೆಗೆ ಹಾರಿಸುತ್ತ ನಾವು ದೃಶ್ಯವನ್ನು ಜೋಡಿಸಿಕೊಳ್ಳುತ್ತೇವೆ. ಹಾರುವ ಕ್ಷಣದಲ್ಲಿ ನೋಟ ಬಹುಮಟ್ಟಿಗೆ ತಡೆಹಿಡಿಯಲ್ಪಡುತ್ತದೆ. ಕತ್ತನ್ನು ಎಡದಿಂದ ಬಲಕ್ಕೆ ಒಂದೇ ಬೀಸಿಗೆ ತಿರುಗಿಸಿದರೆ ಕಣ್ಣು ಎರಡು ಮೂರು ಕಡೆ ನಿಂತಿರುತ್ತದೆ, ನಡುವಿನ ಅಂತರದಲ್ಲಿ ಕಿರಿದಾದ ವಾಹನವೊಂದು ಅಡಗಿಬಿಡಬಹುದು. ಆದ್ದರಿಂದ ಎರಡು ಸಲ, ನಿಧಾನವಾಗಿ, ಪ್ರತಿ ಕಡೆಯಲ್ಲೂ ನೋಟ ನಿಲ್ಲಿಸಿ ನೋಡಬೇಕು. ಮೊಬೈಲ್ ಸಂಭಾಷಣೆ, ಅದನ್ನು ಕೈಯಲ್ಲಿ ಹಿಡಿಯದೆ ನಡೆಸಿದರೂ, ಇದೇ ಗಮನವನ್ನು ಕಬಳಿಸುತ್ತದೆ. ಕೈ ಬಿಡುವಾಗಿದ್ದರೆ ಸಾಕೆಂಬ ಭಾವನೆ ಅಪಾಯಕಾರಿ.

ಪ್ರಶ್ನೆ: ನಮ್ಮ ತಂದೆಯವರ ಒಂದು ಕಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಇಲ್ಲದ ಪಾದದಲ್ಲಿ ಉರಿ, ಸೆಳೆತ ಎಂದು ರಾತ್ರಿಯೆಲ್ಲ ನರಳುತ್ತಾರೆ. ಬಂಧುಗಳು ಇದು ಮನಸ್ಸಿನ ಭ್ರಮೆ ಎನ್ನುತ್ತಾರೆ. ನಾವು ಏನೆಂದು ತಿಳಿಯಬೇಕು?

ಉತ್ತರ: ನೋವು ನಿಜವೆಂದು ತಿಳಿಯಿರಿ, ಅವರಿಗೂ ಹಾಗೆಯೇ ಹೇಳಿ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿಕೊಂಡ ವೈದ್ಯ ಸೈಲಾಸ್ ವಿಯರ್ ಮಿಚೆಲ್ 1871ರಲ್ಲೇ ಇದಕ್ಕೆ ಹೆಸರಿಟ್ಟು ವರ್ಣಿಸಿದ್ದಾರೆ. ಅಂಗ ಕಳೆದುಕೊಂಡವರಲ್ಲಿ ಬಹುತೇಕರಿಗೆ ಅದು ಇನ್ನೂ ಇದ್ದಂತೆ ಭಾಸವಾಗುತ್ತದೆ. ಹಲವರಿಗೆ ಅಲ್ಲಿ ನೋವೂ ಇರುತ್ತದೆ.

ಗಾಯವಾದ ಜಾಗದಲ್ಲಿ ನೋವು ಹುಟ್ಟಿ, ತಂತಿಯ ಮೂಲಕ ಹರಿದು ಮಿದುಳನ್ನು ಮುಟ್ಟುತ್ತದೆಂಬ ಹಳೆಯ ಕಲ್ಪನೆಯಲ್ಲಿ ಇದಕ್ಕೆ ಸ್ಥಾನವಿರಲಿಲ್ಲ. ಗಾಯಕ್ಕೂ ನೋವಿಗೂ ಇರುವ ಸಂಬಂಧ ಎಷ್ಟು ಸಡಿಲವೆಂಬುದು ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯರ ಗಮನಕ್ಕೆ ಬಂತು: ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಅನೇಕರು ನೋವು ಹೆಚ್ಚಿಲ್ಲವೆಂದು ಹೇಳಿ ನೋವುನಿವಾರಕವನ್ನೇ ಬೇಡವೆಂದರು. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತದ ಪ್ರಕಾರ, ನೋವಿನ ಸಂಕೇತ ಬೆನ್ನುಹುರಿಯಲ್ಲಿ ಒಂದು ತಡೆಯನ್ನು ದಾಟಬೇಕು. ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳು ಆ ತಡೆಯನ್ನು ಬಿಗಿಗೊಳಿಸುತ್ತವೆ, ಮಿದುಳಿನಿಂದ ಇಳಿದುಬರುವ ಆಜ್ಞೆಗಳೂ ಅದನ್ನು ತೆರೆಯಬಲ್ಲವು ಅಥವಾ ಮುಚ್ಚಬಲ್ಲವು. ಪೆಟ್ಟಾದ ಮೊಣಕೈಯನ್ನು ನಾವೆಲ್ಲ ತಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ ಹಿತವೆನಿಸುತ್ತದೆ. ಸಿದ್ಧಾಂತದ ಹಲವು ವಿವರಗಳು ಆಮೇಲೆ ಬದಲಾದರೂ, ನೋವು ಮಿದುಳಿನ ತೀರ್ಮಾನವೆಂಬ ಅದರ ತಿರುಳು ಉಳಿದಿದೆ.

ದೇಹದ ಪ್ರತಿಯೊಂದು ಭಾಗಕ್ಕೂ ಮಿದುಳಿನ ಹೊರಪದರದಲ್ಲಿ ಒಂದು ಕ್ಷೇತ್ರ ಮೀಸಲಾಗಿದೆಯೆಂದು ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ತೋರಿಸಿದ್ದರು. ಕಾಲು ಹೋದರೂ ಆ ಕ್ಷೇತ್ರ ಹೋಗುವುದಿಲ್ಲ. ಕತ್ತರಿಸಿದ ನರದ ತುದಿಯಿಂದಲೂ ಅಡ್ಡಾದಿಡ್ಡಿ ಸಂಕೇತಗಳು ಬರಬಹುದು. ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿಯೊಂದನ್ನು ನಿಲ್ಲಿಸಿ, ಇರುವ ಕೈಯ ಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಮಾಡಿ, ಇರುವ ಕೈಯನ್ನು ಚಲಿಸಲು ಹೇಳಿದಾಗ ಕೆಲವರಿಗೆ ಇಲ್ಲದ ಕೈಯ ಬಿಗಿತ ಸಡಿಲವಾಯಿತು. ಕಾಲಿಗೂ ಇದನ್ನು ಅಳವಡಿಸಿದ್ದಾರೆ. ಎಲ್ಲರಿಗೂ ಫಲಿಸುವ ಉಪಾಯವಲ್ಲ, ಪವಾಡವೆಂಬ ಪ್ರಚಾರವನ್ನು ನಂಬಬೇಡಿ. ಆದರೆ ಖರ್ಚು ಕಡಿಮೆ, ಅಪಾಯವೂ ಕಡಿಮೆ. ನರದ ನೋವಿಗೇ ಪ್ರತ್ಯೇಕ ಔಷಧಗಳಿವೆ, ಅವು ಸಾಮಾನ್ಯ ನೋವುಗುಳಿಗೆಗಳಿಗಿಂತ ಬೇರೆ. ತಂದೆಯವರನ್ನು ನೋವು ಚಿಕಿತ್ಸೆಯ ತಜ್ಞರ ಬಳಿಗೆ ಕರೆದೊಯ್ಯಿರಿ. ಉಳಿದ ಭಾಗದಲ್ಲಿ ಊತ, ಕೆಂಪು ಅಥವಾ ಹುಣ್ಣು ಕಂಡರೆ ತಡಮಾಡಬೇಡಿ, ಅದು ಬೇರೆಯ ಸಮಸ್ಯೆ.

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ಎರಡು ಸಮಾನ ರೇಖೆಗಳ ತುದಿಯಲ್ಲಿ, ಒಂದಕ್ಕೆ ಒಳಮುಖವಾಗಿ ಮಡಚಿದ ಬಾಣಗಳನ್ನೂ ಇನ್ನೊಂದಕ್ಕೆ ಹೊರಮುಖವಾಗಿ ತೆರೆದ ಬಾಣಗಳನ್ನೂ ಬರೆದರೆ ಎರಡನೆಯದು ಉದ್ದವಾಗಿ ಕಾಣುತ್ತದೆ. ಅಳತೆಪಟ್ಟಿ ಇಟ್ಟು ಸಾಧಿಸಿದ ಮೇಲೂ ಹಾಗೆಯೇ ಕಾಣುತ್ತದೆ. ಸಾಧಿತವಾದ ಸತ್ಯಕ್ಕೆ ಕಣ್ಣು ಏಕೆ ಮಣಿಯುವುದಿಲ್ಲ?

ಉತ್ತರ: ಮಾನ್ಯರೇ, ಫ್ರಾನ್ಜ್ ಮ್ಯೂಲರ್-ಲೈಯರ್ 1889ರಲ್ಲಿ ಈ ಚಿತ್ರವನ್ನು ಪ್ರಕಟಿಸಿದಂದಿನಿಂದ ಬಗೆಹರಿಯದೆ ಉಳಿದಿರುವ ಪ್ರಶ್ನೆಯನ್ನು ಕೇಳಿದ್ದೀರಿ. ಅದರ ಒಂದು ಭಾಗಕ್ಕೆ ಮಾತ್ರ ಗಟ್ಟಿಯಾದ ಉತ್ತರವಿದೆ. ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿದಂತೆ, ಗ್ರಹಿಕೆಯೆಂಬುದು ನಮಗರಿವಿಲ್ಲದೆ ನಡೆಯುವ ಅನುಮಾನ, ಅಂದರೆ ಅಪೂರ್ಣ ಆಧಾರಗಳಿಂದ ಹೊರಡಿಸುವ ತೀರ್ಮಾನ. ಆ ಕೆಲಸ ನಡೆಯುವ ವ್ಯವಸ್ಥೆಗಳು ವೇಗವಾಗಿರಬೇಕಾದ್ದರಿಂದ ತಮ್ಮದೇ ಕೆಲವು ನಿಯಮಗಳ ಮೇಲೆ ನಡೆಯುತ್ತವೆ, ಆಮೇಲೆ ನಾವು ತಿಳಿದುಕೊಂಡ ಪ್ರಮೇಯಗಳಿಗೆ ಕಿವಿಗೊಡುವುದು ಕಡಿಮೆ. ಬೆಳಕು ಮೇಲಿನಿಂದ ಬರುತ್ತದೆಂಬುದು ಅಂಥ ಒಂದು ನಿಯಮ. ಚಂದ್ರನ ಕುಳಿಗಳ ಚಿತ್ರವನ್ನು ತಲೆಕೆಳಗೆ ಮಾಡಿದರೆ ಕುಳಿಗಳು ಗುಡ್ಡಗಳಾಗಿ ಕಾಣುವುದು ಅದರಿಂದಲೇ, ಚಿತ್ರ ತಿರುಗಿಸಿದವರು ನೀವೇ ಆಗಿದ್ದರೂ. ಶಬ್ದಕ್ಕೂ ಇದು ಅನ್ವಯಿಸುತ್ತದೆ. ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ 1976ರಲ್ಲಿ ತೋರಿಸಿದಂತೆ, ‘ಬ’ ಎಂಬ ದನಿಯನ್ನು ‘ಗ’ ಎನ್ನುವ ತುಟಿಗಳ ದೃಶ್ಯದೊಡನೆ ಜೋಡಿಸಿದರೆ ಬಹಳ ಜನರಿಗೆ ‘ಡ’ದಂಥ ದನಿ ಕೇಳಿಸುತ್ತದೆ. ಗುಟ್ಟು ತಿಳಿದವರಿಗೂ ಹಾಗೆಯೇ. ಕಣ್ಣು ಮುಚ್ಚಿದೊಡನೆ ‘ಬ’ ಮರಳುತ್ತದೆ.

ಬಾಣದ ಚಿತ್ರದಲ್ಲಿ ಕೆಲಸ ಮಾಡುವ ನಿಯಮ ಯಾವುದೆಂಬುದೇ ಬಗೆಹರಿಯದ ಭಾಗ. ಕೋಣೆಯ ಮೂಲೆಗಳನ್ನೂ ಕಟ್ಟಡದ ಅಂಚುಗಳನ್ನೂ ನೋಡಿ ನೋಡಿ ಕಲಿತ ದೂರದ ಲೆಕ್ಕ ಇಲ್ಲಿ ತಪ್ಪಾಗಿ ಅನ್ವಯವಾಗುತ್ತದೆಂಬ ರಿಚರ್ಡ್ ಗ್ರೆಗರಿಯವರ ವಿವರಣೆ ಬಹುಕಾಲ ಜನಪ್ರಿಯವಾಗಿತ್ತು. ಆದರೆ ಪವನ್ ಸಿನ್ಹಾ ಮತ್ತು ಸಂಗಡಿಗರು, ಹುಟ್ಟಿನಿಂದ ಪೊರೆಯಿಂದಾಗಿ ಕಾಣದಿದ್ದು ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಮಕ್ಕಳಿಗೆ ಇದೇ ಚಿತ್ರ ತೋರಿಸಿದಾಗ, ದೃಷ್ಟಿ ಬಂದ ಹೊಸತರಲ್ಲೇ ಅವರೂ ಭ್ರಮೆಗೆ ಒಳಗಾದರು. 2015ರಲ್ಲಿ ಇದು ಪ್ರಕಟವಾಯಿತು. ಮೂಲೆಗಳನ್ನು ನೋಡಿ ಕಲಿಯಲು ಆ ಮಕ್ಕಳಿಗೆ ಸಮಯವೇ ಇರಲಿಲ್ಲ. ಅದೇ ತಂಡದ 2011ರ ಅಧ್ಯಯನದಲ್ಲಿ, ಇಂಥ ಮಕ್ಕಳು ಕೈಯಿಂದ ಮುಟ್ಟಿ ತಿಳಿದ ಆಕಾರವನ್ನು ಕಣ್ಣಿನಿಂದ ಕೂಡಲೇ ಗುರುತಿಸಲಾರದೆ, ಮುಂದಿನ ದಿನಗಳಲ್ಲಿ ಕಲಿತುಕೊಂಡದ್ದೂ ಕಂಡುಬಂದಿತ್ತು. ಹೀಗಾಗಿ ಕೆಲವು ನಿಯಮಗಳನ್ನು ನಾವು ಅನುಭವದಿಂದ ಪಡೆಯುತ್ತೇವೆ, ಕೆಲವು ಮೊದಲೇ ಇರುತ್ತವೆ; ನಿಮ್ಮ ಬಾಣಗಳು ಎರಡನೆಯ ಗುಂಪಿಗೆ ಸೇರಿರಬೇಕೆಂದು ನನಗನಿಸುತ್ತದೆ.

ಪ್ರಶ್ನೆ: ಧ್ವನಿಮುದ್ರಣದಲ್ಲಿ ನನ್ನ ದನಿ ತೆಳುವಾಗಿ, ಬೇರೆ ಯಾರದೋ ಎಂಬಂತೆ ಕೇಳುತ್ತದೆ. ಯಂತ್ರದ ದೋಷವೇ?

ಉತ್ತರ: ಅಲ್ಲ. ಮಾತನಾಡುವಾಗ ನಿಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಕಿವಿಯನ್ನು ಮುಟ್ಟುತ್ತದೆ. ಆ ದಾರಿಯಲ್ಲಿ ಕೆಳಗಿನ ಆವರ್ತನಗಳು ಹೆಚ್ಚು ಬಲವಾಗಿ ಸಾಗುವುದರಿಂದ ನಿಮಗೆ ನಿಮ್ಮ ದನಿ ಗಂಭೀರವಾಗಿ ಕೇಳುತ್ತದೆ. ಮುದ್ರಣದಲ್ಲಿ ಗಾಳಿಯ ಪಾಲು ಮಾತ್ರ ಇರುತ್ತದೆ, ಇತರರು ದಿನವೂ ಕೇಳುವುದು ಅದನ್ನೇ. ಕೆಲವು ವಾರ ಮುದ್ರಿಸಿ ಕೇಳುತ್ತ ಬಂದರೆ ಅಪರಿಚಿತತೆ ಕಡಿಮೆಯಾಗುತ್ತದೆ.